ಹಳೇ ವಿಡಿಯೋ ಗೇಮ್, ಹೊಸ ಟಿವಿ: ನಡುವೆ ಬೇಕಾದ ಡಬ್ಬಿ

ಹಳೇ ವಿಡಿಯೋ ಗೇಮನ್ನು ಹೊಸ ಎಲ್‌ಇಡಿ ಟಿವಿಗೆ ಹಾಕಿ ನೋಡಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ನಾವು ಚಿಕ್ಕವರಿದ್ದಾಗ ಇಷ್ಟು ಕೆಟ್ಟದಾಗಿ ಕಾಣ್ತಿರಲಿಲ್ಲ." ಅವರ ನೆನಪು ಸರಿಯಾಗೇ ಇದೆ. ಆ ಆಟಗಳು ಡಬ್ಬ ಟಿವಿಯಲ್ಲಿ ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದವು. ಹೊಸ ಟಿವಿಯಲ್ಲಿ ಚಿತ್ರ ಮಸುಕಾಗುತ್ತದೆ, ಅಗಲಕ್ಕೆ ಎಳೆದ ಹಾಗಾಗುತ್ತದೆ. ಬಟನ್ ಒತ್ತಿದ ಮೇಲೆ ಮಾರಿಯೋ ಸ್ವಲ್ಪ ತಡವಾಗಿ ಹಾರುತ್ತಾನೆ.

ತುಮಕೂರಿನಲ್ಲಿ ನನ್ನ ಪರಿಚಯದ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಯಂತ್ರಗಳು ಈಗಲೂ ಇವೆ. ಕೆಲವರ ಹತ್ತಿರ 90ರ ದಶಕದ, ಹಳದಿ ಕ್ಯಾಸೆಟ್ ಹಾಕುವ ಯಂತ್ರ. ಇನ್ನು ಕೆಲವರ ಹತ್ತಿರ ಕಾಲೇಜು ದಿನಗಳ ಪ್ಲೇಸ್ಟೇಷನ್ 2. ಬೇಸಿಗೆ ರಜೆ ಬಂತು ಅಂದರೆ ಅವು ಕೆಳಗಿಳಿಯುತ್ತವೆ. ಮಕ್ಕಳಿಗೆ ತೋರಿಸಬೇಕು ಅನ್ನುವ ಆಸೆ. ಆಮೇಲೆ ಕ್ಯಾತ್ಸಂದ್ರದಿಂದಲೋ ಗುಬ್ಬಿಯಿಂದಲೋ ಫೋನ್ ಬರುತ್ತದೆ: "ಅಣ್ಣ, ಟಿವಿ ಹೋಗಿದೆಯಾ, ಗೇಮ್ ಹೋಗಿದೆಯಾ?"

ಎರಡೂ ಹೋಗಿರುವುದಿಲ್ಲ. ಗೇಮ್ ತಾನು ಕಳಿಸಬೇಕಾದ ಸಿಗ್ನಲ್ಲನ್ನು ಸರಿಯಾಗೇ ಕಳಿಸುತ್ತಿದೆ. ಟಿವಿ ಅದನ್ನು ತಪ್ಪಾಗಿ ಓದುತ್ತಿದೆ. ಅಪ್‌ಸ್ಕೇಲರ್ ಅನ್ನುವ ಡಬ್ಬಿಯ ಕೆಲಸ ಇಷ್ಟೇ: ಬಂದದ್ದನ್ನು ತಪ್ಪಿಲ್ಲದೆ ಓದಿ, ಟಿವಿಗೆ ಗೊತ್ತಿರುವ ಅಳತೆಯಲ್ಲಿ, ತಡ ಮಾಡದೆ ದಾಟಿಸುವುದು. ಅದು ಚಿತ್ರಕ್ಕೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಹಾಕಬಾರದು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಅರ್ಧ ಗೆರೆಯ ವಿಷಯ

ಡಬ್ಬ ಟಿವಿಯಲ್ಲಿ ಚಿತ್ರ ಒಂದೇ ಸಲಕ್ಕೆ ಮೂಡುತ್ತಿರಲಿಲ್ಲ. ಪಿಕ್ಚರ್ ಟ್ಯೂಬಿನೊಳಗೆ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಮೇಲಿಂದ ಕೆಳಗೆ ಇಳಿಯುತ್ತಿತ್ತು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ಬಂತು. ಆಗ ಬಂದ ಪಾಲ್ ಪದ್ಧತಿಯಲ್ಲಿ ಒಂದು ಪೂರ್ತಿ ಚಿತ್ರಕ್ಕೆ 625 ಗೆರೆ. ಅಷ್ಟನ್ನೂ ಒಟ್ಟಿಗೆ ಎಳೆಯುತ್ತಿರಲಿಲ್ಲ, ಎರಡು ಕಂತು ಮಾಡುತ್ತಿದ್ದರು. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಬಿಟ್ಟುಹೋದ ಗೆರೆಗಳು. ಸೆಕೆಂಡಿಗೆ 50 ಕಂತು. ಇದಕ್ಕೆ ಇಂಟರ್‌ಲೇಸ್ ಅಂತ ಹೆಸರು. ಅಮೆರಿಕ, ಜಪಾನಿನಲ್ಲಿದ್ದ ಎನ್‌ಟಿಎಸ್‌ಸಿ ಪದ್ಧತಿಯಲ್ಲೂ ಇದೇ ಲೆಕ್ಕ. ಅಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 60 ಕಂತು.

ಈಗ 625ನ್ನು ಎರಡು ಭಾಗ ಮಾಡಿ ನೋಡಿ. ಒಂದು ಕಂತಿಗೆ 312 ಗೆರೆ, ಮೇಲೊಂದು ಅರ್ಧ ಗೆರೆ. ಆ ಅರ್ಧ ಗೆರೆಯಲ್ಲೇ ಎಲ್ಲ ಇದೆ. ಅದು ಇರುವುದರಿಂದಲೇ ಎರಡನೇ ಕಂತು ಸ್ವಲ್ಪ ಕೆಳಕ್ಕೆ ಸರಿದು, ಮೊದಲ ಕಂತಿನ ಗೆರೆಗಳ ನಡುವಿನ ಸಂದಿಗೆ ಬಂದು ಕೂರುತ್ತದೆ.

ವಿಡಿಯೋ ಗೇಮ್ ಮಾಡಿದ ಎಂಜಿನಿಯರ್‌ಗಳು ಆ ಅರ್ಧ ಗೆರೆಯನ್ನು ಕೈಬಿಟ್ಟರು. ಪಾಲ್ ಯಂತ್ರವಾದರೆ ಪ್ರತಿ ಕಂತಿಗೂ ಸರಿಯಾಗಿ 312 ಗೆರೆ, ಎನ್‌ಟಿಎಸ್‌ಸಿ ಆದರೆ 262. ಅರ್ಧ ಇಲ್ಲ ಅಂದ ಮೇಲೆ ಎರಡನೇ ಕಂತು ಕೆಳಕ್ಕೆ ಸರಿಯುವುದಿಲ್ಲ. ಮೊದಲನೆಯದರ ಮೇಲೇ ಬೀಳುತ್ತದೆ. ನಡುವಿನ ಸಂದಿ ಖಾಲಿ ಉಳಿಯುತ್ತದೆ, ಕಪ್ಪು ಗೆರೆಯಾಗಿ ಕಾಣುತ್ತದೆ. ಚಿತ್ರ ನಡುಗುವುದಿಲ್ಲ. ಯಂತ್ರಕ್ಕೂ ಅರ್ಧದಷ್ಟೇ ಗೆರೆ ಲೆಕ್ಕ ಹಾಕುವ ಕೆಲಸ. ಆಗಿನ ಚಿಪ್‌ಗಳಿಗೆ ಅದಕ್ಕಿಂತ ಜಾಸ್ತಿ ಶಕ್ತಿಯೂ ಇರಲಿಲ್ಲ. ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ದೊಡ್ಡ ಲಾಭ ಮಾಡಿಕೊಂಡ ಕೆಲಸ ಎಲೆಕ್ಟ್ರಾನಿಕ್ಸ್‌ನಲ್ಲಿ ಅಪರೂಪ. ನನಗೆ ಈ ವಿಷಯದ ಹುಚ್ಚು ಹಿಡಿದದ್ದೇ ಇಲ್ಲಿಂದ.

ಹೀಗೆ ಬರುವ ಸಿಗ್ನಲ್‌ಗೆ 240ಪಿ ಅನ್ನುತ್ತಾರೆ. ಕಂತಿನ ಗೆರೆಗಳಲ್ಲಿ ಪರದೆ ಮೇಲೆ ಚಿತ್ರವಾಗಿ ಬರುವುದು ಹೆಚ್ಚೆಂದರೆ 240 ಅಂತ ಆ ಹೆಸರು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಅಗಲಕ್ಕೆ 256, ಎತ್ತರಕ್ಕೆ 240 ಚುಕ್ಕಿಗಳಲ್ಲಿ ಚಿತ್ರ ಬಿಡಿಸುತ್ತದೆ. ನಮ್ಮೂರಿನ ಹಳದಿ ಕ್ಯಾಸೆಟ್ಟಿನ ಯಂತ್ರಗಳು ಇದರದ್ದೇ ನಕಲು. 1988ರ ಸೆಗಾ ಮೆಗಾ ಡ್ರೈವ್‌ನಲ್ಲಿ ಸಾಮಾನ್ಯವಾಗಿ 320 ಮತ್ತು 224. 1994ರ ಮೊದಲ ಪ್ಲೇಸ್ಟೇಷನ್ನಿನ ಬಹುಪಾಲು ಆಟಗಳೂ 240ಪಿ. ಪ್ಲೇಸ್ಟೇಷನ್ 2 ಹೊತ್ತಿಗೆ ಆಟಗಳು ಹೆಚ್ಚಾಗಿ ಟಿವಿ ಪ್ರಸಾರದ ಹಾಗೆ ಇಂಟರ್‌ಲೇಸ್ ಆದವು, ಅಂದರೆ 480ಐ.

ಡಬ್ಬ ಟಿವಿ ಇದ್ಯಾವುದನ್ನೂ ವಿಚಾರಿಸುತ್ತಿರಲಿಲ್ಲ. ಗೆರೆ ಬಂದ ಹಾಗೆ ಎಳೆಯುತ್ತಾ ಹೋಗುತ್ತಿತ್ತು.

ಹೊಸ ಟಿವಿ ಎಲ್ಲಿ ಎಡವುತ್ತದೆ

ಹೊಸ ಟಿವಿಯಲ್ಲಿ ಕಿರಣ ಇಲ್ಲ. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳು ಜಾಗ ಬಿಟ್ಟು ಕದಲದೆ ಕೂತಿವೆ. 4ಕೆ ಟಿವಿಯಾದರೆ 3840 ಮತ್ತು 2160. ಬಂದ ಸಿಗ್ನಲ್ಲನ್ನು ಟಿವಿ ಮೊದಲು ತನ್ನ ಮೆಮೊರಿಗೆ ತುಂಬಿಕೊಳ್ಳಬೇಕು. ಇದು ಯಾವ ತರಹದ್ದು ಅಂತ ತೀರ್ಮಾನಿಸಬೇಕು. ಆಮೇಲೆ ಹಿಗ್ಗಿಸಬೇಕು. ತಪ್ಪಾಗುವುದು ಆ ತೀರ್ಮಾನದಲ್ಲೇ.

ಹಳದಿ ಪಿನ್ನಿನಿಂದ ಬಂದದ್ದೆಲ್ಲ ಕೇಬಲ್ ಡಬ್ಬಿ ಅಥವಾ ಡಿವಿಡಿಯದ್ದು, ಅಂದರೆ ಇಂಟರ್‌ಲೇಸ್ ಅಂತ ಎಷ್ಟೋ ಟಿವಿಗಳು ಅಂದುಕೊಳ್ಳುತ್ತವೆ. ಹಾಗಾಗಿ ಒಂದರ ಹಿಂದೆ ಒಂದು ಬಂದ ಎರಡು ಕಂತುಗಳನ್ನು ಒಂದೇ ಚಿತ್ರದ ಎರಡು ಅರ್ಧ ಅಂತ ಹೆಣೆಯಲು ಹೋಗುತ್ತವೆ. ನಿಜದಲ್ಲಿ ಅವು ಬೇರೆ ಬೇರೆ ಕ್ಷಣದ ಎರಡು ಪೂರ್ತಿ ಚಿತ್ರಗಳು. ನಿಂತ ಗೋಡೆ ನಡುಗುತ್ತದೆ. ಓಡುವ ಆಳಿನ ಅಂಚು ಬಾಚಣಿಗೆ ಹಲ್ಲಾಗುತ್ತದೆ.

ಶತ್ರು ತಾಗಿದಾಗ ಮಾರಿಯೋ ಮಿಣುಕುತ್ತಾನಲ್ಲ, ಅದನ್ನು ಗಮನಿಸಿ ನೋಡಿ. ಅವನನ್ನು ಕೆಲವು ಕಂತುಗಳಲ್ಲಿ ತೋರಿಸಿ ಕೆಲವುಗಳಲ್ಲಿ ಬಿಡುವುದರಿಂದ ಆ ಮಿಣುಕು. ಇಂಥದ್ದು ಬೇರೆ ಕಡೆಯೂ ಇದೆ. ಫ್ಯಾಮಿಕಾಮ್ ಚಿಪ್ ಒಂದು ಗೆರೆಯಲ್ಲಿ 8ಕ್ಕಿಂತ ಜಾಸ್ತಿ ಸ್ಪ್ರೈಟ್, ಅಂದರೆ ಓಡಾಡುವ ಸಣ್ಣ ಚಿತ್ರ, ತೋರಿಸಲಾರದು. ಜಾಸ್ತಿ ಬೇಕಾದಾಗ ಆಟ ಬರೆದವರು ಅವನ್ನು ಸರದಿಯಲ್ಲಿ ತೋರಿಸುತ್ತಿದ್ದರು. ಈ ಕಂತಿನಲ್ಲಿ ಇವು, ಮುಂದಿನದರಲ್ಲಿ ಅವು. ಡಬ್ಬ ಟಿವಿಯಲ್ಲಿ ಅದು ಬರೀ ಮಿಣುಕಾಗಿ ಕಾಣುತ್ತಿತ್ತು. ಹೊಸ ಟಿವಿ ಕಂತುಗಳನ್ನು ಬೆರೆಸಿದರೆ ಸ್ಪ್ರೈಟ್ ಗೆರೆಗೆರೆಯಾಗಿ ಸೀಳುತ್ತದೆ. ಒಂದು ಬಿಟ್ಟು ಒಂದು ಕಂತನ್ನು ಎಸೆದರಂತೂ ಪೂರ್ತಿ ಮಾಯ. ಎದುರಿಗೆ ಶತ್ರು ಇದ್ದಾನೆ, ಕಾಣುವುದಿಲ್ಲ. ಆಟ ಆಡುವುದು ಹೇಗೆ?

ಇನ್ನು ತಡ. 60 ಕಂತಿನ ಲೆಕ್ಕದಲ್ಲಿ ಒಂದು ಕಂತಿಗೆ 16.7 ಮಿಲಿಸೆಕೆಂಡ್. ಹೆಣೆಯುವುದು, ಹಿಗ್ಗಿಸುವುದು, ಬಣ್ಣ ತಿದ್ದುವುದು ಎಲ್ಲ ಸೇರಿ ಮಾಮೂಲಿ ಮೋಡ್‌ನಲ್ಲಿ 100 ಮಿಲಿಸೆಕೆಂಡ್ ದಾಟುವ ಟಿವಿಗಳಿವೆ. ಅಂದರೆ ಆರು ಕಂತು ತಡ. ಹಳ್ಳದ ಅಂಚಿನಲ್ಲಿ ಹಾರಬೇಕಾದ ಆಟದಲ್ಲಿ ಆರು ಕಂತು ಅಂದರೆ ಸತ್ತ ಹಾಗೇ. ವಯಸ್ಸಾಯಿತು, ಕೈ ಓಡುತ್ತಿಲ್ಲ ಅಂತ ಸ್ನೇಹಿತರು ಬೇಜಾರು ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಅವರ ಕೈ ಚೆನ್ನಾಗೇ ಓಡುತ್ತದೆ.

ವೈರ್ ಮೊದಲು

ಅಪ್‌ಸ್ಕೇಲರ್ ಎಷ್ಟೇ ದುಬಾರಿ ಇರಲಿ, ಯಂತ್ರದಿಂದ ಹೊರಬರುವಾಗಲೇ ಕೆಟ್ಟ ಚಿತ್ರವನ್ನು ಪೂರ್ತಿ ಸರಿ ಮಾಡಲಾರದು. ಹಾಗಾಗಿ ಮೊದಲು ವೈರ್ ನೋಡಿ.

ಹಳದಿ ಪಿನ್ನಿನ ಹೆಸರು ಕಾಂಪೋಸಿಟ್. ಬೆಳಕು ಎಷ್ಟಿರಬೇಕು, ಬಣ್ಣ ಯಾವುದು, ಗೆರೆ ಎಲ್ಲಿ ಶುರುವಾಗಬೇಕು, ಎಲ್ಲವೂ ಒಂದೇ ತಂತಿಯಲ್ಲಿ ಬರುತ್ತವೆ. ಪಾಲ್‌ನಲ್ಲಿ ಬಣ್ಣ 4.43 ಮೆಗಾಹರ್ಟ್ಸ್ ಸುತ್ತ ಇರುತ್ತದೆ. ಚಿತ್ರದ ಸಣ್ಣ ಸಣ್ಣ ವಿವರಗಳೂ ಅಲ್ಲೇ ಸುತ್ತಾಡುತ್ತವೆ. ನಮ್ಮ ಕಡೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುತ್ತಾರಲ್ಲ, ಒಕ್ಕಣೆಯಲ್ಲಿ ಅದು ರಾಗಿ ಜೊತೆ ಬೆರೆತ ಹಾಗೆ ಇದು. ಎಷ್ಟೇ ಜರಡಿ ಹಿಡಿದರೂ ನಾಲ್ಕು ಕಾಳು ಆ ಕಡೆಯದು ಈ ಕಡೆ ಉಳಿಯುತ್ತದೆ. ಕೆಂಪು ಬಣ್ಣದ ಅಂಚಿನಲ್ಲಿ ಚುಕ್ಕಿಗಳು ಹರಿದಾಡುವುದು, ಅಕ್ಷರಗಳ ಸುತ್ತ ಕಾಮನಬಿಲ್ಲು ಬರುವುದು ಇದರಿಂದಲೇ.

ಇದಕ್ಕಿಂತ ಕೆಳಗಿನದು ಆಂಟೆನಾ ಪಿನ್. ಚಿತ್ರ, ಶಬ್ದ ಎರಡನ್ನೂ ಚಾನೆಲ್ ಹಾಗೆ ಟ್ಯೂನ್ ಮಾಡಬೇಕು. ನಿಮ್ಮ ಯಂತ್ರದಲ್ಲಿ ಇದೊಂದೇ ಇದ್ದರೆ, ಮನೆಯಲ್ಲಿ ಹಳೇ ವಿಸಿಆರ್ ಇದೆಯಾ ನೋಡಿ. ಅದರ ಆಂಟೆನಾ ತೂತಿಗೆ ಗೇಮ್ ಹಾಕಿ ಟ್ಯೂನ್ ಮಾಡಿದರೆ ಹಿಂದುಗಡೆ ಎವಿ ಪಿನ್ನಿನಲ್ಲಿ ಕಾಂಪೋಸಿಟ್ ಸಿಗುತ್ತದೆ.

ಕಾಂಪೋಸಿಟ್‌ಗಿಂತ ಮೇಲಿನದು ಎಸ್-ವಿಡಿಯೋ. ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಇನ್ನೊಂದು. ಅಷ್ಟಕ್ಕೇ ಚಿತ್ರ ಎದ್ದು ಕೂರುತ್ತದೆ. ಅದಕ್ಕೂ ಮೇಲೆ ಕಾಂಪೊನೆಂಟ್, ಅಂದರೆ ಹಸಿರು, ನೀಲಿ, ಕೆಂಪು ಪಿನ್. ಮತ್ತು ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ. ಯುರೋಪಿನ ಟಿವಿಗಳಲ್ಲಿ 21 ಪಿನ್ನಿನ ಸ್ಕಾರ್ಟ್ ಅನ್ನುವ ದೊಡ್ಡ ಸಾಕೆಟ್ ಇರುತ್ತಿತ್ತು. ಅದರಲ್ಲೇ ಆರ್‌ಜಿಬಿ ಬರುತ್ತಿತ್ತು. ನಮ್ಮ ಟಿವಿಗಳಲ್ಲಿ ಅದು ಕಾಣಲು ಸಿಗುವುದೇ ಅಪರೂಪ. ಹಾಗಾಗಿ ಮೆಗಾ ಡ್ರೈವ್ ಒಳಗೆ ಆರ್‌ಜಿಬಿ ಇದೆ ಅನ್ನುವುದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅದರ ಹಿಂದಿನ ಗುಂಡನೆಯ ಸಾಕೆಟ್ಟಿಗೆ ಸರಿಯಾದ ಕೇಬಲ್ ಹಾಕಿದರೆ ಸಾಕು, ಒಳಗೆ ಏನನ್ನೂ ಬಿಚ್ಚಬೇಕಿಲ್ಲ. ಮೊದಲ ಎರಡು ಪ್ಲೇಸ್ಟೇಷನ್‌ಗಳಲ್ಲೂ ಆರ್‌ಜಿಬಿ ಇದೆ. ಎರಡನೆಯದರಲ್ಲಿ ಕಾಂಪೊನೆಂಟ್ ಕೂಡ.

ಫ್ಯಾಮಿಕಾಮ್ ಮಾತ್ರ ಬೇರೆ. ಅದರ ಚಿತ್ರದ ಚಿಪ್ಪಿನ ಒಳಗೇ ಬಣ್ಣ, ಬೆಳಕು ಸೇರಿಕೊಂಡು ಕಾಂಪೋಸಿಟ್ ಆಗಿ ಹುಟ್ಟುತ್ತದೆ. ಬೇರೆ ಮಾಡಬೇಕು ಅಂದರೆ ಒಳಗೆ ಹೆಚ್ಚುವರಿ ಬೋರ್ಡ್ ಬೆಸುಗೆ ಹಾಕಬೇಕು. ಹಳದಿ ಕ್ಯಾಸೆಟ್ಟಿನ ನಕಲಿ ಯಂತ್ರಕ್ಕೆ ಅಷ್ಟು ಖರ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಕಾಂಪೋಸಿಟ್ಟನ್ನೇ ಚೆನ್ನಾಗಿ ಓದಿಸಿದರೆ ಸಾಕು.

ಇನ್ನು ಡಬ್ಬಿ

ಲೆಕ್ಕ ಸುಲಭ. 240ನ್ನು 1080 ಮಾಡಬೇಕು. ಅಂದರೆ ನಾಲ್ಕೂವರೆ ಪಟ್ಟು. ತೊಂದರೆ ಆ ಅರೆಯಲ್ಲಿದೆ. ಒಂದು ಗೆರೆಯನ್ನು ನಾಲ್ಕು ಸಲ ಬರೆದು, ಮುಂದಿನದನ್ನು ಐದು ಸಲ ಬರೆದರೆ ಮಾರಿಯೋನ ಟೋಪಿ ದಪ್ಪ, ಮೀಸೆ ತೆಳ್ಳಗೆ ಆಗುತ್ತದೆ. ಪರದೆ ಸರಿದಾಗ ಗೆರೆಗಳು ಅಲೆಯ ಹಾಗೆ ಮಿನುಗುತ್ತವೆ. ಟಿವಿಗಳು ಇದನ್ನು ಮುಚ್ಚಲು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೆರೆಸುತ್ತವೆ. ಮಸುಕು ಬರುವುದು ಹೀಗೆ. ಒಳ್ಳೇ ಅಪ್‌ಸ್ಕೇಲರ್ ಪೂರ್ಣ ಸಂಖ್ಯೆಯ ಪಟ್ಟಿನಲ್ಲಿ ಹಿಗ್ಗಿಸುತ್ತದೆ. ನಾಲ್ಕು ಪಟ್ಟು ಮಾಡಿ 960ಕ್ಕೆ ನಿಲ್ಲಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬಹುದು. ಇಲ್ಲವೇ ಐದು ಪಟ್ಟು ಮಾಡಿ ಅಂಚು ಕತ್ತರಿಸಬಹುದು. 1080ನ್ನು ಐದರಿಂದ ಭಾಗಿಸಿದರೆ 216. ಮೆಗಾ ಡ್ರೈವ್‌ನ 224 ಗೆರೆಯಲ್ಲಿ 8 ಮಾತ್ರ ಹೋಗುತ್ತವೆ. ಡಬ್ಬ ಟಿವಿಯ ಅಂಚಿನಲ್ಲೂ ಅಷ್ಟು ಮುಚ್ಚಿಹೋಗುತ್ತಿತ್ತು, ನಷ್ಟವಿಲ್ಲ. 4ಕೆ ಟಿವಿಯಲ್ಲಿ ಈ ತಲೆನೋವೇ ಇಲ್ಲ. 240ಕ್ಕೆ ಸರಿಯಾಗಿ ಒಂಬತ್ತು ಪಟ್ಟು 2160.

ಓಎಸ್‌ಎಸ್‌ಸಿ ಅನ್ನುವ ಡಬ್ಬಿ ಇದನ್ನು ಅತ್ಯಂತ ಸರಳವಾಗಿ ಮಾಡುತ್ತದೆ. ಫಿನ್ಲೆಂಡಿನ ಮಾರ್ಕುಸ್ ಹೀಯೆನ್‌ಕಾರಿ ರೂಪಿಸಿ, ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದು ಪೂರ್ತಿ ಚಿತ್ರಕ್ಕಾಗಿ ಕಾಯುವುದಿಲ್ಲ. ಒಂದು ಗೆರೆ ಬಂದ ತಕ್ಷಣ ಅದನ್ನೇ ಎರಡರಿಂದ ಐದು ಸಲ ಬರೆದು ಮುಂದಕ್ಕೆ ಕಳಿಸುತ್ತದೆ. ಪಾಲ್‌ನಲ್ಲಿ ಒಂದು ಗೆರೆಗೆ 64 ಮೈಕ್ರೋಸೆಕೆಂಡ್. ಆಗುವ ತಡ ಅಂಥ ಕೆಲವೇ ಗೆರೆಗಳದ್ದು, ಕೈಗೆ ಗೊತ್ತೇ ಆಗುವುದಿಲ್ಲ. ತೊಂದರೆ ಏನಪ್ಪಾ ಅಂದರೆ, ಕೆಲವು ಟಿವಿಗಳು ಅದರ ನಾಲ್ಕು, ಐದು ಪಟ್ಟಿನ ಸಿಗ್ನಲ್ಲನ್ನು ಒಪ್ಪುವುದಿಲ್ಲ. ಇನ್ನೊಂದು, ಮೂಲ ಓಎಸ್‌ಎಸ್‌ಸಿಗೆ ಹಳದಿ ಪಿನ್ ಹಾಕಲು ಜಾಗವೇ ಇಲ್ಲ. ಆರ್‌ಜಿಬಿ, ಕಾಂಪೊನೆಂಟ್ ಮಾತ್ರ. ನಮ್ಮ ಹಳದಿ ಕ್ಯಾಸೆಟ್ಟಿನ ಯಂತ್ರಕ್ಕೆ ಅದು ಆಗಿ ಬರುವುದಿಲ್ಲ.

ಆ ಜಾಗಕ್ಕೆ ಮೈಕ್ ಚಿ ಅವರ ರೆಟ್ರೋಟಿಂಕ್ ಡಬ್ಬಿಗಳು ಸರಿ. 2ಎಕ್ಸ್ ಸಾಲಿನ ಸಣ್ಣ ಡಬ್ಬಿಗಳು ಕಾಂಪೋಸಿಟ್, ಎಸ್-ವಿಡಿಯೋ ತೆಗೆದುಕೊಂಡು, 240ಪಿಯನ್ನು 240ಪಿ ಅಂತಲೇ ಗುರುತಿಸಿ, ಗೆರೆ ಎರಡರಷ್ಟು ಮಾಡಿ ಎಚ್‌ಡಿಎಂಐನಲ್ಲಿ ಕೊಡುತ್ತವೆ. ಉಳಿದ ಹಿಗ್ಗಿಸುವ ಕೆಲಸ ಟಿವಿಯದ್ದು. ಅಷ್ಟರಲ್ಲಿ ದೊಡ್ಡ ತಪ್ಪು ತಪ್ಪಿರುತ್ತದೆ. 2021ರ 5ಎಕ್ಸ್ ಪ್ರೊ ತಾನೇ 1080ಕ್ಕೆ ಹಿಗ್ಗಿಸುತ್ತದೆ, ಪ್ಲೇಸ್ಟೇಷನ್ 2ರ ಇಂಟರ್‌ಲೇಸ್ ಚಿತ್ರವನ್ನೂ ಅಂದವಾಗಿ ಹೆಣೆಯುತ್ತದೆ. 2023ರ ಕೊನೆಯಲ್ಲಿ ಬಂದ ರೆಟ್ರೋಟಿಂಕ್ 4ಕೆ ಎಲ್ಲಕ್ಕಿಂತ ಮೇಲಿನದು. ಬಂದಾಗ ಬೆಲೆ 750 ಡಾಲರ್. ಹತ್ತಾರು ಬಗೆಯ ಯಂತ್ರ ಇಟ್ಟುಕೊಂಡವರಿಗೆ ಸರಿ. ಒಂದೇ ಯಂತ್ರ ಇರುವವರು ಅಷ್ಟು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಇವೆಲ್ಲ ಹೊರದೇಶದಿಂದ ಬರಬೇಕು, ಕಸ್ಟಮ್ಸ್ ಸುಂಕವೂ ಸೇರುತ್ತದೆ. ಆರ್ಡರ್ ಮಾಡುವ ಮುಂಚೆ ಆ ಲೆಕ್ಕ ಹಾಕಿಕೊಳ್ಳಿ.

ಕೈಕೆಲಸ ಗೊತ್ತಿರುವವರಿಗೆ ಕಡಿಮೆ ಖರ್ಚಿನ ದಾರಿಯೂ ಇದೆ. ಜಿಬಿಎಸ್-8200 ಅನ್ನುವ ಅಗ್ಗದ ಬೋರ್ಡಿಗೆ ಇಎಸ್‌ಪಿ8266 ಅನ್ನುವ ಸಣ್ಣ ವೈಫೈ ಬೋರ್ಡ್ ಬೆಸುಗೆ ಹಾಕಿ, ಜಿಬಿಎಸ್-ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶ ತುಂಬಬೇಕು. ಬೋರ್ಡಿನ ಹಳೇ ಗುಣ ಪೂರ್ತಿ ಬದಲಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ಹುಡುಕುವ ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ಇದಕ್ಕಿಂತ ಒಳ್ಳೇ ಕಲಿಕೆ ಬೇರೆ ಇಲ್ಲ. ಇದಕ್ಕೂ ಆರ್‌ಜಿಬಿ ಅಥವಾ ಕಾಂಪೊನೆಂಟೇ ಬೇಕು.

ಇನ್ನು ಕೆಲವು ನೂರು ರೂಪಾಯಿಗೆ ಸಿಗುವ 'ಎವಿ ಟು ಎಚ್‌ಡಿಎಂಐ' ಡಬ್ಬಿ. ಮೇಲೆ ದೊಡ್ಡದಾಗಿ 1080ಪಿ ಅಂತ ಬರೆದಿರುತ್ತದೆ. ಸಂಖ್ಯೆ ಸುಳ್ಳಲ್ಲ, ಹೊರಬರುವುದು 1080ಪಿಯೇ. ಒಳಗೆ ಮಾತ್ರ ಟಿವಿ ಮಾಡುತ್ತಿದ್ದ ಅದೇ ತಪ್ಪನ್ನು ಇದೂ ಮಾಡುತ್ತದೆ. 240ಪಿಯನ್ನು ಇಂಟರ್‌ಲೇಸ್ ಅಂತಲೇ ಓದುತ್ತದೆ, ಜೊತೆಗೆ ತನ್ನ ಪಾಲಿನ ತಡವನ್ನೂ ಸೇರಿಸುತ್ತದೆ. ನಿಮ್ಮ ಟಿವಿಯಲ್ಲಿ ಹಳದಿ ಪಿನ್ನೇ ಇಲ್ಲ, ಗೇಮ್ ಕೆಲಸ ಮಾಡುತ್ತದಾ ಅಂತ ನೋಡಬೇಕು ಅಷ್ಟೇ ಅಂದರೆ ತೆಗೆದುಕೊಳ್ಳಿ. ಆಡುವುದಕ್ಕೆ ಬೇಡ.

ಪ್ಲೇಸ್ಟೇಷನ್ 2 ಇರುವವರು ಮೊದಲು ಕಾಂಪೊನೆಂಟ್ ಕೇಬಲ್ ಹಾಕಿ ನೋಡಿ. ಹಾಕುವ ಮುಂಚೆ ಯಂತ್ರದ ಸಿಸ್ಟಂ ಕಾನ್ಫಿಗರೇಷನ್‌ಗೆ ಹೋಗಿ ಕಾಂಪೊನೆಂಟ್ ವಿಡಿಯೋ ಔಟ್ ಅನ್ನು ಆರ್‌ಜಿಬಿಯಿಂದ ಬದಲಿಸಬೇಕು, ಇಲ್ಲದಿದ್ದರೆ ಬಣ್ಣ ಹುಚ್ಚಾಪಟ್ಟೆ ಬರುತ್ತದೆ. ಟಿವಿಯಲ್ಲಿ ಆ ಪಿನ್‌ಗಳಿದ್ದರೆ ಡಬ್ಬಿ ಇಲ್ಲದೆಯೂ ಚೆನ್ನಾಗಿ ಕಾಣಬಹುದು. ಅದೇ ಯಂತ್ರದಲ್ಲಿ ಮೊದಲ ಪ್ಲೇಸ್ಟೇಷನ್ನಿನ ಸಿಡಿ ಹಾಕಿದಾಗ ಪರದೆ ಕಪ್ಪಾದರೆ ಗಾಬರಿ ಬೇಡ. ಅದು 240ಪಿ ಕಳಿಸುತ್ತಿದೆ. ಕಾಂಪೊನೆಂಟ್‌ನಲ್ಲಿ ಅದನ್ನು ಎಷ್ಟೋ ಟಿವಿಗಳು ತೆಗೆದುಕೊಳ್ಳುವುದೇ ಇಲ್ಲ.

ನಮ್ಮ 50, ಅವರ 60

ಇಲ್ಲಿ ಮಾರಾಟವಾದ ನಕಲಿ ಯಂತ್ರಗಳು ಹೆಚ್ಚಾಗಿ ಪಾಲ್, ಅಂದರೆ ಸೆಕೆಂಡಿಗೆ 50 ಕಂತು. ಆಟಗಳನ್ನು ಬರೆದದ್ದು ಜಪಾನಿನ 60 ಕಂತಿಗೆ. ಕಂತಿನ ಲೆಕ್ಕದಲ್ಲೇ ಆಟ ಓಡುವುದರಿಂದ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ನಾವು ಚಿಕ್ಕಂದಿನಲ್ಲಿ ಆಡಿದ್ದು, ಕೇಳಿದ ಸಂಗೀತ, ಎಲ್ಲ ಸ್ವಲ್ಪ ನಿಧಾನದ್ದು. ಈಗ ಜಪಾನಿನ ಮೂಲ ಯಂತ್ರ ತರಿಸಿದವರಿಗೆ ಆಟ ಓಡಿಹೋದ ಹಾಗೆ ಅನಿಸುವುದು ಇದಕ್ಕೇ. ಅಪ್‌ಸ್ಕೇಲರ್ ಈ ವೇಗವನ್ನು ಬದಲಿಸಬಾರದು. 50 ಬಂದರೆ 50ನ್ನೇ ಟಿವಿಗೆ ಕೊಡುವಂತೆ ಸೆಟ್ ಮಾಡಿ. ಭಾರತದಲ್ಲಿ ಮಾರುವ ಟಿವಿಗಳಿಗೆ 50 ಹೊಸದಲ್ಲ. 60ಕ್ಕೆ ಒತ್ತಾಯಿಸಿದರೆ ನಡುನಡುವೆ ಚಿತ್ರ ಜರ್ಕ್ ಹೊಡೆಯುತ್ತದೆ.

ಇನ್ನೊಂದು ವಿಷಯ. ಹಳೇ ಯಂತ್ರಗಳ ವೇಗ ಪೂರ್ತಿ ಕರಾರುವಾಕ್ಕಾಗಿರುವುದಿಲ್ಲ. ಎನ್‌ಟಿಎಸ್‌ಸಿ ನಿಂಟೆಂಡೊ ಸೆಕೆಂಡಿಗೆ ಸುಮಾರು 60.1 ಕಂತು ಕೊಡುತ್ತದೆ. ಡಬ್ಬಿಯಲ್ಲಿ ಫ್ರೇಮ್ ಲಾಕ್ ಇಟ್ಟರೆ ಟಿವಿಯೂ ಅದೇ ವೇಗಕ್ಕೆ ಹೊಂದಿಕೊಳ್ಳಬೇಕು. ಹೊಂದಿಕೊಂಡರೆ ತಡ ತುಂಬಾ ಕಡಿಮೆ. ಚಿತ್ರ ಆಗಾಗ ಕಪ್ಪಾಗಿ ವಾಪಸ್ ಬರುತ್ತಿದ್ದರೆ ಲಾಕ್ ತೆಗೆದು ಬಫರ್ ಮೋಡ್ ಹಾಕಿ. ಸ್ವಲ್ಪ ತಡ ಹೆಚ್ಚುತ್ತದೆ, ಚಿತ್ರ ನಿಲ್ಲುತ್ತದೆ.

ಟಿವಿಯಲ್ಲಿ ಮಾಡಬೇಕಾದದ್ದು ಎರಡೇ. ಗೇಮ್ ಮೋಡ್ ಹಾಕಿ. ಚಿತ್ರವನ್ನು 4:3 ಅಳತೆಗೆ ತನ್ನಿ. ಅಕ್ಕಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಪರದೆ ತುಂಬಬೇಕು ಅಂತ ಎಳೆದರೆ ಉರುಟಾದ ಚೆಂಡು ಮೊಟ್ಟೆಯಾಗುತ್ತದೆ. ಚಿತ್ರ ಬಿಡಿಸಿದವರು ಅದನ್ನು ಹಾಗೆ ಬಿಡಿಸಿರಲಿಲ್ಲ.

ತೀರಾ ಚೊಕ್ಕ ಮಾಡುವುದೂ ಸರಿಯಲ್ಲ ಅನ್ನುವುದನ್ನು ನಾನು ನಂಬುತ್ತೇನೆ. 1991ರ ಸಾನಿಕ್ ಆಟದ ಜಲಪಾತ ನೋಡಿ. ಮೆಗಾ ಡ್ರೈವ್‌ಗೆ ಪಾರದರ್ಶಕ ನೀರು ತೋರಿಸುವ ಶಕ್ತಿ ಕಡಿಮೆ. ಅದಕ್ಕೆ ಕಲಾವಿದರು ಒಂದು ಬಿಟ್ಟು ಒಂದು ಉದ್ದ ಗೆರೆಯಲ್ಲಿ ನೀರು ಬಿಡಿಸಿದರು. ಕಾಂಪೋಸಿಟ್ ಆ ಗೆರೆಗಳನ್ನು ಕಲಸಿ, ಹಿಂದಿನ ಬಂಡೆ ಕಾಣುವ ತಿಳಿ ನೀರು ಮಾಡುತ್ತಿತ್ತು. ಶುದ್ಧ ಆರ್‌ಜಿಬಿಯಲ್ಲಿ ಅದೇ ನೀರು ಕಿಟಕಿ ಸರಳಿನ ಸಾಲಾಗಿ ಕಾಣುತ್ತದೆ. ಅದಕ್ಕೇ ನನ್ನ ಹತ್ತಿರ ಎರಡೂ ವೈರ್ ಇವೆ. ಸ್ಕ್ಯಾನ್‌ಲೈನ್ ಅನ್ನುವ ಆಯ್ಕೆಯನ್ನೂ ಒಮ್ಮೆ ಹಾಕಿ ನೋಡಿ. ಡಬ್ಬ ಟಿವಿಯಲ್ಲಿ ಖಾಲಿ ಉಳಿಯುತ್ತಿದ್ದ ಸಂದಿಗಳನ್ನು ಅದು ಕಪ್ಪು ಗೆರೆಯಾಗಿ ವಾಪಸ್ ತರುತ್ತದೆ. ಚುಕ್ಕಿಗಳ ಒರಟು ಅಂಚು ಮೆತ್ತಗಾಗುತ್ತದೆ. ಚಿತ್ರ ಸ್ವಲ್ಪ ಮಂಕಾಗುತ್ತದೆ, ಟಿವಿಯ ಬೆಳಕು ಹೆಚ್ಚಿಸಿಕೊಳ್ಳಿ.

ಕರೆಂಟು ಮತ್ತು ಗನ್ನು

ಜಪಾನ್, ಅಮೆರಿಕದಿಂದ ತರಿಸಿದ ಯಂತ್ರದ ಅಡಾಪ್ಟರ್ 100 ಅಥವಾ 120 ವೋಲ್ಟಿನದ್ದು. ನಮ್ಮ ಗೋಡೆಯಲ್ಲಿ 230. ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಡಿ, ಇಲ್ಲವೇ ಅದೇ ಅಳತೆಯ ಇಲ್ಲಿನ ಅಡಾಪ್ಟರ್ ಹುಡುಕಿ. ಹುಡುಕುವಾಗ ವೋಲ್ಟ್ ಜೊತೆ ಪಿನ್ನಿನ ಪ್ಲಸ್ ಮೈನಸ್ ಕೂಡ ನೋಡಿ. ಫ್ಯಾಮಿಕಾಮ್, ಮೊದಲ ಮೆಗಾ ಡ್ರೈವ್ ಎರಡರಲ್ಲೂ ಪಿನ್ನಿನ ನಡುವೆ ಮೈನಸ್. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ನಡುವೆ ಪ್ಲಸ್. ಅಮೆರಿಕದಲ್ಲಿ ಎನ್‌ಇಎಸ್ ಅನ್ನುವ ಹೆಸರಲ್ಲಿ ಬಂದ ಫ್ಯಾಮಿಕಾಮ್‌ನ ಅಡಾಪ್ಟರ್ ಅಂತೂ ಡಿಸಿ ಅಲ್ಲ, ಎಸಿ ಕೊಡುತ್ತದೆ. ಅದನ್ನು ಬೇರೆ ಯಾವ ಯಂತ್ರಕ್ಕೂ ಚುಚ್ಚಬೇಡಿ.

ಬಾತುಕೋಳಿ ಹೊಡೆಯುವ ಗನ್ ಮಾತ್ರ ಯಾವ ಅಪ್‌ಸ್ಕೇಲರ್ ಇಟ್ಟರೂ ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಟ್ರಿಗರ್ ಒತ್ತಿದ ಕೂಡಲೇ ಆಟ ಪರದೆಯನ್ನು ಒಂದು ಕಂತು ಕಪ್ಪು ಮಾಡಿ, ಬಾತುಕೋಳಿ ಜಾಗದಲ್ಲಿ ಬಿಳಿ ಚೌಕ ತೋರಿಸುತ್ತದೆ. ಆ ಬೆಳಕು ಅದೇ ಗಳಿಗೆಯಲ್ಲಿ ಗನ್ನಿನ ಕಣ್ಣಿಗೆ ಬೀಳಬೇಕು. ಎಲ್‌ಇಡಿ ಟಿವಿಯಲ್ಲಿ ಬಿಳಿ ಬರುವಷ್ಟರಲ್ಲಿ ಆಟ ನೋಡುವುದನ್ನು ನಿಲ್ಲಿಸಿರುತ್ತದೆ. ಗನ್ನಿನ ಒಳಗಿನ ಸರ್ಕ್ಯೂಟ್ ಕೂಡ ಪಿಕ್ಚರ್ ಟ್ಯೂಬಿನ ಬೆಳಕು ಮಿನುಗುವ ರೀತಿಗೇ ಹೊಂದಿಸಿದ್ದು. ಮಕ್ಕಳಿಗೆ ಗನ್ ಆಟ ಆಡಿಸಲೇಬೇಕು ಅಂದರೆ ಡಬ್ಬ ಟಿವಿಯೇ ಬೇಕು. ಗುಜರಿ ಅಂಗಡಿಯಲ್ಲೋ ನೆಂಟರ ಮನೆಯಲ್ಲೋ ಓಡುವ ಟಿವಿ ಸಿಕ್ಕರೆ ಬಿಡಬೇಡಿ, 14 ಇಂಚಿನದ್ದಾದರೂ ಸಾಕು. ಹಿಂದಿನ ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟ್ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ಆ ಕೆಲಸಕ್ಕೆ ಡಬ್ಬ ಟಿವಿ ಕಾಲದಿಂದಲೂ ರಿಪೇರಿ ಮಾಡುತ್ತಾ ಬಂದ ಮೆಕ್ಯಾನಿಕ್ಕೇ ಬೇಕು. ನಮ್ಮ ಚಿಕ್ಕಪೇಟೆ ಕಡೆ ವಿಚಾರಿಸಿ ನೋಡಿ.